ವಟವಟಿ ಸುಮ್ಮನಾದಾಗ

ಸಿಸ್ಟರಿಗೆ ಶ್ಶಕ್ಕ ಎಂಬ ಅಡ್ಡಹೆಸರು ಇಟ್ಟದ್ದು ಒಂದು ಪುಟ್ಟ ಮಗು. ಮಕ್ಕಳ ಐಸಿಯುವಿನಲ್ಲಿ ಯಾರಾದರೂ ಟ್ರೇಯನ್ನು ಠಣ್ಣೆಂದು ಇಟ್ಟರೆ, ಯಾರ ಚಪ್ಪಲಿಯಾದರೂ ಚರಪರ ಅಂದರೆ, ಕೊನೆಗೆ ಡಾಕ್ಟರೇ ಫೋನಿನಲ್ಲಿ ಕೊಂಚ ಗಟ್ಟಿಯಾಗಿ ಮಾತಾಡಿದರೂ ಸರಿ, ಮೂಲೆಯಿಂದ ಅವಳ "ಶ್ಶ್" ಬರುತ್ತಿತ್ತು. ಗುಣವಾಗಿ ಮನೆಗೆ ಹೊರಟ ಆ ಮಗು ಅಮ್ಮನ ಹೆಗಲ ಮೇಲಿಂದ ಕೈಬೀಸಿ "ಶ್ಶಕ್ಕಾ, ಟಾಟಾ" ಅಂದಿತು. ನರ್ಸುಗಳು ಬಾಯಿ ಮುಚ್ಚಿಕೊಂಡು ನಕ್ಕರು. ಆ ಗಳಿಗೆಯಿಂದ ಸಿಸ್ಟರ್ ಹೋಗಿ ಶ್ಶಕ್ಕ ಬಂದಳು. ನೆಲ ಒರೆಸುವವರಿಗೂ ಅವಳು ಶ್ಶಕ್ಕನೇ.

ಮೌನದ ಮೇಲೆ ಅವಳಿಗೆ ಅಷ್ಟು ಮೋಹವಿದ್ದದ್ದಕ್ಕೆ ಕಾರಣವೂ ಇತ್ತು. ಅವಳ ಅಪ್ಪ ತಗಡು ಬಡಿದು ಡಬ್ಬ, ಬಕೆಟ್ಟು ಮಾಡುವವರು. ಅಂಗಡಿ ಕೆಳಗೆ, ಮನೆ ಮೇಲೆ. ಬೆಳಗಾದರೆ ಸುತ್ತಿಗೆಯ ಸದ್ದಿಗೇ ಏಳಬೇಕು, ಅದೇ ಸದ್ದಿನಲ್ಲಿ ಪಾಠ ಓದಬೇಕು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಕರೆಯಬೇಕಾದರೆ ಅರಚಬೇಕಿತ್ತು. ನರ್ಸಿಂಗ್ ಕಲಿಯಲು ಹೋದಾಗ ಅಲ್ಲಿನ ಮೇಟ್ರನ್ನಮ್ಮ ಹತ್ತಿಯ ಮೇಲೆ ನಡೆದಂತೆ ನಡೆಯುತ್ತಿದ್ದರು. "ಬಾಟಲಿಯಿಂದ ಹನಿ ಬೀಳೋದು ಕೇಳಿಸ್ಬೇಕು, ಅದು ವಾರ್ಡು" ಎಂದು ಅವರು ಅಂದಾಗ, ತಗಡಿನ ಅಂಗಡಿಯ ಮಗಳಿಗೆ ತನಗಾಗಿಯೇ ಹೇಳಿದ ಮಾತೆನಿಸಿತು.

ಮದುವೆಯಾದದ್ದು ಮಾತ್ರ ಶಾಲೆಯ ಬಸ್ಸು ಓಡಿಸುವವನನ್ನು. ದಿನವಿಡೀ ಬಸ್ಸಿನ ತುಂಬ ಮಕ್ಕಳ ಕೂಗಾಟ ಹೊತ್ತು ತಿರುಗಿ ಬಂದವನಿಗೆ ಮನೆ ನಿಶ್ಶಬ್ದವಾಗಿರಬೇಕು. ಅವಳಿಗೂ ಅದೇ ಬೇಕು. "ನಮ್ಮಿಬ್ಬರ ಜಾತಕ ಕೂಡಿದ್ದು ಇದೊಂದರಲ್ಲೇ. ಇಬ್ರೂ ಮಾತಾಡಲ್ಲ, ಆದ್ದರಿಂದ ಜಗಳಾನೂ ಆಡಲ್ಲ" ಎಂದು ಅವನು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ.

ಐಸಿಯುವಿನಲ್ಲಿ ಶ್ಶಕ್ಕನ ಕೈಗೆ ಬಂದ ಮಗು ಎಂದರೆ ಡಾಕ್ಟರರಿಗೂ ನಿಶ್ಚಿಂತೆ. ಸೂಜಿ ಚುಚ್ಚುವಾಗ ಅವಳ ಕೈ ಅಷ್ಟು ಹಗುರ. ಆದರೆ ನಿಯಮ ಎಂದರೆ ನಿಯಮ. ಹೊರಗಿನ ಸಾಮಾನು ಒಳಗೆ ಬರಕೂಡದು; ಸೋಂಕು ತಗಲುತ್ತದೆ. ತಾಯ್ತಂದೆಯರು ಬೆಳಿಗ್ಗೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ನೋಡಿಕೊಂಡು ಹೋಗಬೇಕು. ಹೊರಳಾಡುವ ಮಗುವಿಗೆ ಮಲಗಿಸುವ ಔಷಧಿ. ಅದಕ್ಕೂ ಬಗ್ಗದಿದ್ದರೆ ಮೆತ್ತನೆಯ ಬಟ್ಟೆಪಟ್ಟಿಯಿಂದ ಕೈಗಳನ್ನು ಮಂಚದ ಕಂಬಿಗೆ ಕಟ್ಟುವುದು. ಇದರಲ್ಲಿ ಕ್ರೌರ್ಯವೇನೂ ಇರಲಿಲ್ಲ. ಹಿಂದೊಮ್ಮೆ ಒಂದು ಮಗು ಉಸಿರಿನ ಕೊಳವೆಯನ್ನು ತಾನೇ ಕಿತ್ತುಕೊಂಡಿತ್ತು. ಮಗುವೇನೋ ಬದುಕಿಕೊಂಡಿತು, ಆದರೆ ಅದರ ಮುಖ ನೀಲಿಗಟ್ಟಿದ್ದನ್ನು ಕಂಡ ಪ್ರತಿ ನರ್ಸಿಗೂ ಸಡಿಲ ಬಿಟ್ಟ ಪುಟ್ಟ ಕೈ ಎಂದರೆ ಭಯ. ಹಾಗಾಗಿ ಆ ವಾರ್ಡಿನಲ್ಲಿ ಮಲಗಿರುವ ಮಗುವೇ ಒಳ್ಳೆಯ ಮಗು.

ಅಲ್ಲಿಗೆ ಬೇರೊಂದು ಆಸ್ಪತ್ರೆಯಿಂದ ವರ್ಗವಾಗಿ ಬಂದವಳು ಎಡಗೈ ಸಿಸ್ಟರ್. ಶ್ಶಕ್ಕನದೇ ವಯಸ್ಸು, ಅವಳಷ್ಟೇ ಅನುಭವ. ಎಡಚಿಯಾದ್ದರಿಂದ ಅವಳು ಅಂಟಿಸಿದ ಟೇಪನ್ನು ಬಿಡಿಸಲು ಉಳಿದವರು ಒದ್ದಾಡಬೇಕಿತ್ತು. ಅವಳ ತಕರಾರುಗಳೂ ಹಾಗೇ, ಉಳಿದವರು ಎಣಿಸದ ಕಡೆಯಿಂದ ಬರುತ್ತಿದ್ದವು. ಒಂದು ಮಧ್ಯಾಹ್ನ ಚಹಾ ಕುಡಿಯುವ ಕೋಣೆಯಲ್ಲಿ ಮಾತು ಬಂತು.

"ಇಲ್ಲಿ ಮಕ್ಕಳಿಗೆ ಸನ್ನಿ ಹಿಡಿದಿದೆಯಾ ಅಂತ ಯಾರೂ ನೋಡೋದೇ ಇಲ್ವಲ್ಲ?" ಎಂದಳು ಎಡಗೈ ಸಿಸ್ಟರ್.

"ಸನ್ನಿ ಹಿಡಿಯೋದು ಮುದುಕರಿಗೆ ಕಣೇ. ಮಕ್ಕಳದು ಹಟ" ಎಂದಳು ಕಿಟಕಿಯ ಬಳಿ ಕೂತಿದ್ದ ಒಬ್ಬ ನರ್ಸು.

"ಮಕ್ಕಳಿಗೂ ಹಿಡಿಯುತ್ತೆ. ಕಾಯಿಲೆ ಜೋರಾಗಿದ್ದಾಗ ಮೆದುಳಿಗೆ ಮಂಕು ಕವಿಯುತ್ತೆ. ಎಲ್ಲಿದೀನಿ, ಎದುರಿಗಿರೋರು ಯಾರು, ಒಂದೂ ಗೊತ್ತಾಗಲ್ಲ."

ಶ್ಶಕ್ಕ ಲೋಟ ತೊಳೆಯುತ್ತಿದ್ದಳು. ತಿರುಗದೆಯೇ ಅಂದಳು, "ಸರಿ, ಹಿಡೀತು ಅಂತಾನೇ ಇಟ್ಕೋ. ಗೊತ್ತಾಗಿ ನಾವೇನು ಮಾಡೋ ಹಾಗಿದೆ? ಕಾಯಿಲೆ ವಾಸಿಯಾದ್ರೆ ಅದೂ ಹೋಗುತ್ತೆ. ಅಲ್ಲೀವರೆಗೂ ಮಲಗಿಸಿಡೋದು."

"ಮಲಗಿಸೋ ಔಷಧೀನೇ ಕೆಲವು ಸಲ ಅದನ್ನ ಜಾಸ್ತಿ ಮಾಡುತ್ತೆ."

"ಹಾಗಾದ್ರೆ ಡಾಕ್ಟರಮ್ಮನಿಗೆ ಹೇಳು. ನಮಗ್ಯಾಕೆ?"

ಶ್ಶಕ್ಕ ಲೋಟ ಬೋರಲು ಹಾಕಿ ವಾರ್ಡಿಗೆ ಹೊರಟಳು.

ಆಮೇಲೆ ಬಂದವಳು ವಟವಟಿ. ಏಳು ವರ್ಷದ ಹುಡುಗಿ. ಎರಡೂ ಶ್ವಾಸಕೋಶಕ್ಕೆ ಸೋಂಕು ಇಳಿದು, ತುಟಿ ಕಪ್ಪಿಟ್ಟು, ಅಪ್ಪನ ತೋಳಿನಲ್ಲಿ ಜೋತುಬಿದ್ದು ಬಂದಿದ್ದಳು. ಅಪ್ಪ ಬಸ್‌ಸ್ಟ್ಯಾಂಡಿನ ಪಕ್ಕ ಪೆಟ್ಟಿಗೆಯಂಗಡಿಯಲ್ಲಿ ಕೂತು ಕೀಲಿಕೈ ಮಾಡಿಕೊಡುವವನು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ವಟವಟಿ ಎನ್ನುವುದು ಅವರಿಟ್ಟ ಹೆಸರೇ. ಅಂಗಡಿಗೆ ಬಂದ ಗಿರಾಕಿಯನ್ನೂ ಬಿಡದೆ "ನಿಮ್ಮ ಬೀಗ ಯಾಕೆ ಕೈಕೊಡ್ತು?" ಎಂದು ವಿಚಾರಿಸುವ ಮಗು. ದಾಖಲು ಮಾಡುವಾಗ ಅಮ್ಮ ಅವಳ ಕನ್ನಡಕವನ್ನು ಶ್ಶಕ್ಕನ ಕೈಗಿತ್ತಳು. ಶ್ಶಕ್ಕ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಬಿಗಿದು, "ಇದು ಮನೆಗೆ. ಒಳಗೆ ಬೇಡ" ಎಂದು ವಾಪಸು ಕೊಟ್ಟಳು. ಪ್ರಜ್ಞೆಯಿಲ್ಲದ ಮಗುವಿಗೆ ಕನ್ನಡಕವೇಕೆ ಎಂದು ಅಮ್ಮನೂ ಸುಮ್ಮನಾದಳು.

ಉಸಿರಿನ ಯಂತ್ರದ ಮೇಲೆ ಆ ಹುಡುಗಿ ಹಲವು ದಿನ ಹೋರಾಡಿ ಗೆದ್ದಳು. ಕೊಳವೆ ತೆಗೆದಾಗ ಡಾಕ್ಟರಮ್ಮ ಒಮ್ಮೆ ಸಾಲದೆಂಬಂತೆ ಎರಡೆರಡು ಬಾರಿ ಎದೆಯ ಸದ್ದು ಕೇಳಿ, ಮುಖ ಅರಳಿಸಿ "ಗೆದ್ವಿ" ಎಂದರು. ಆದರೆ ಮರುದಿನ ಬೆಳಿಗ್ಗೆ ಹುಡುಗಿ ಮೇಲ್ಚಾವಣಿ ನೋಡಿ ಕಿರುಚತೊಡಗಿದಳು.

"ಇರುವೆ! ಇರುವೆ ಬೀಳ್ತಿದೆ! ತೆಗೀರಿ!"

ಗಾಳಿಯಲ್ಲಿ ಕೈಯಾಡಿಸಿ ಏನನ್ನೋ ಹೆಕ್ಕಿದಳು. ಅಮ್ಮ ಓಡಿಬಂದು ಹಣೆ ಮುಟ್ಟಿದರೆ ಆ ಕೈಯನ್ನೂ ತಳ್ಳಿದಳು. ಕತ್ತಿನ ಬಳಿಯ ರಕ್ತನಾಳಕ್ಕೆ ಹಾಕಿದ್ದ ನಳಿಕೆಗೆ ಕೈ ಹಾಕಿದ್ದೇ ತಡ, ಶ್ಶಕ್ಕ ಎರಡೂ ಕೈ ಹಿಡಿದಳು. ಪಟ್ಟಿ ಬಂತು, ಕೈ ಕಟ್ಟಿದ್ದಾಯಿತು. ಮಲಗಿಸುವ ಔಷಧಿಯೂ ಒಳಗೆ ಹೋಯಿತು. ಅಮ್ಮ ಗೋಡೆಗೆ ಒರಗಿ ನಿಂತು, "ನನ್ನ ಮಗಳಿಗೆ ಹುಚ್ಚು ಹಿಡೀತಾ ಸಿಸ್ಟರ್?" ಎಂದು ಕೇಳಿದಳು.

"ಹಾಗೆಲ್ಲ ಏನಿಲ್ಲ. ಮಲಗಿ ಎದ್ರೆ ಸರಿಹೋಗುತ್ತೆ" ಎಂದಳು ಶ್ಶಕ್ಕ. ಅವಳು ಅದನ್ನು ನಂಬಿಯೇ ಹೇಳಿದ್ದಳು.

ಮಲಗಿ ಎದ್ದ ಹುಡುಗಿ ಕಿರುಚಲಿಲ್ಲ. ಹೊರಳಲಿಲ್ಲ. ಮುಖ ತೊಳೆದರೆ ತೊಳೆಸಿಕೊಂಡಳು, ಸೂಜಿ ಚುಚ್ಚಿದರೆ ಚುಚ್ಚಿಸಿಕೊಂಡಳು. ಕೈಪಟ್ಟಿ ಬಿಚ್ಚದಿದ್ದರೂ ತಕರಾರಿಲ್ಲ. "ನೋಡಿ, ಎಷ್ಟು ಜಾಣೆಯಾಗಿದಾಳೆ" ಎಂದು ಶ್ಶಕ್ಕ ಸಂಜೆ ಬಂದ ಅಮ್ಮನಿಗೆ ಹೆಮ್ಮೆಯಿಂದ ತೋರಿಸಿದಳು.

ಅಮ್ಮ ಮಗಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಅಂದಳು, "ಸಿಸ್ಟರ್, ತಪ್ಪು ತಿಳೀಬೇಡಿ. ಕಿರುಚ್ತಾ ಇದ್ದಾಗ ನನಗೆ ಇಷ್ಟು ಭಯ ಆಗಿರಲಿಲ್ಲ."

"ಯಾಕಮ್ಮಾ?"

"ಇವಳು ನಿದ್ದೇಲೂ ಮಾತಾಡೋಳು. ಜ್ವರ ನೆತ್ತಿಗೇರಿದಾಗ್ಲೂ 'ನಂಗೆ ಜ್ವರ ಎಷ್ಟಿದೆ' ಅಂತ ಕೇಳೋಳು. ಇಷ್ಟು ಸುಮ್ನೆ ಇರೋದು ನನ್ನ ಮಗಳಲ್ಲ."

ಶ್ಶಕ್ಕ ಸಮಾಧಾನದ ಒಂದು ಮಾತು ಹೇಳಿ ಕಳಿಸಿದಳು. ದಿನಕ್ಕೊಬ್ಬ ತಾಯಿ ಏನಾದರೊಂದು ಹೇಳುವವಳೇ. ಎಲ್ಲವನ್ನೂ ತಲೆಗೆ ಹಚ್ಚಿಕೊಂಡರೆ ಕೆಲಸ ನಡೆಯುವುದಿಲ್ಲ. ಆದರೆ ಈ ಮಾತು ಅಂಟಿಕೊಂಡಿತು. ಮನೆಯಲ್ಲಿ ಬಟ್ಟೆ ಮಡಿಸುತ್ತ ಗಂಡನನ್ನು ಕೇಳಿದಳು, "ನಿನ್ನ ಬಸ್ಸಲ್ಲಿ ಗಲಾಟೆ ಮಾಡೋ ಮಗು ಒಂದಿನ ಸುಮ್ನೆ ಕೂತ್ರೆ ಏನ್ಮಾಡ್ತೀಯಾ?"

"ಬಸ್ ನಿಲ್ಲಿಸಿ ಹಿಂದೆ ಹೋಗಿ ನೋಡ್ತೀನಿ. ಒಂದೋ ಕಿಟಕಿಯಿಂದ ಏನೋ ಎಸೆದಿರುತ್ತೆ, ಇಲ್ಲಾ ಹುಷಾರಿರಲ್ಲ" ಎಂದ ಅವನು. ಅವನಿಗದು ಬರೀ ಬಸ್ಸಿನ ಮಾತು. ಅವಳು ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಬಂದವಳೇ ಹುಡುಗಿಯ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. "ಪುಟ್ಟಾ, ನನ್ನ ಕಡೆ ನೋಡು" ಎಂದಳು. ಹುಡುಗಿಯ ಕಣ್ಣು ಅವಳ ಕಡೆ ತಿರುಗಿತು, ಆದರೆ ಅವಳ ಮೇಲೆ ನಿಲ್ಲಲಿಲ್ಲ. ಅವಳನ್ನು ದಾಟಿ ಹಿಂದಿನ ಗೋಡೆಗೆ ಹೋಯಿತು. ಬೆರಳು ಆಡಿಸಿದಳು, ಹಿಂಬಾಲಿಸಲಿಲ್ಲ. "ಅಪ್ಪ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಳು. ತುಟಿ ಒಂಚೂರು ಅಲುಗಿ ನಿಂತುಹೋಯಿತು. ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಬಾಗಿಲು ತೆರೆಯುವವರಿಲ್ಲ ಎಂಬಂತಿತ್ತು. ಇಂಥ ಮುಖ ಶ್ಶಕ್ಕನಿಗೆ ಹೊಸದಲ್ಲ. ಎಷ್ಟೋ ಮಕ್ಕಳಲ್ಲಿ ಕಂಡಿದ್ದಳು, ಕಂಡು ಜಾಣ ಮಗು ಎಂದು ಹೊದಿಕೆ ಸರಿಮಾಡಿ ಮುಂದೆ ಹೋಗಿದ್ದಳು.

ಅವಳು ಎದ್ದು ನೇರ ಎಡಗೈ ಸಿಸ್ಟರ್ ಬಳಿ ಹೋದಳು. "ಸುಮ್ನಿರೋ ಮಗುಗೂ ಸನ್ನಿ ಇರಬಹುದಾ?"

ಎಡಗೈ ಸಿಸ್ಟರ್ ಹಂಗಿಸಲಿಲ್ಲ. "ಜಾಸ್ತಿ ಇರೋದೇ ಹಾಗೆ. ಗಲಾಟೆ ಮಾಡೋದು ಕಣ್ಣಿಗೆ ಬೀಳುತ್ತೆ, ಸುಮ್ನಿರೋದು ಯಾರ ಕಣ್ಣಿಗೂ ಬೀಳಲ್ಲ. ನಾನೂ ಬೇಕಾದಷ್ಟು ಸಲ ಕಾಣದೆ ಬಿಟ್ಟಿದೀನಿ."

ಇಬ್ಬರೂ ಸೇರಿ ಡಾಕ್ಟರಮ್ಮನನ್ನು ಕರೆದರು. ಡಾಕ್ಟರಮ್ಮ ಸುಮ್ಮನೆ ತಲೆಯಾಡಿಸಿ ಹೋಗುವವರಲ್ಲ. ಆಮ್ಲಜನಕ ನೋಡಿದರು, ರಕ್ತ ಪರೀಕ್ಷೆಗೆ ಕಳಿಸಿದರು, ಹೊಸ ಸೋಂಕು ಇಲ್ಲವೆಂದು ಖಚಿತ ಮಾಡಿಕೊಂಡರು. ಆಮೇಲೆ, "ಹೌದು, ಇದು ಸನ್ನೀನೇ. ಮಲಗಿಸೋ ಔಷಧಿ ನಿಧಾನಕ್ಕೆ ಇಳಿಸ್ತೀನಿ. ಉಳಿದಿದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ಕೈಲಿದೆ. ಅವಳಿಗೆ ಹಗಲು ಹಗಲಾಗಿ ಕಾಣಬೇಕು, ತನ್ನವರ ದನಿ ಕೇಳಬೇಕು, ಕೈಕಾಲು ಆಡಬೇಕು" ಎಂದರು.

ಮೊದಲು ಕೈಪಟ್ಟಿ ಬಿಚ್ಚಬೇಕಿತ್ತು. ಶ್ಶಕ್ಕ ಗಂಟಿಗೆ ಕೈ ಹಾಕಿ ನಿಂತಳು. ನೀಲಿಗಟ್ಟಿದ ಆ ಹಳೆಯ ಮುಖ ಕಣ್ಣೆದುರು ಬಂತು. "ನಾನು ಪಕ್ಕದಲ್ಲೇ ಕೂರ್ತೀನಿ, ಬಿಚ್ಚು" ಎಂದಳು ಎಡಗೈ ಸಿಸ್ಟರ್. ಬಿಚ್ಚಿದ ಕೈಗಳು ಎಲ್ಲಿಗೂ ಹೋಗಲಿಲ್ಲ, ಹೊದಿಕೆಯ ಮೇಲೆ ಹಾಗೇ ಬಿದ್ದಿದ್ದವು. ಅದನ್ನು ನೋಡಿ ಶ್ಶಕ್ಕನಿಗೆ ಇನ್ನಷ್ಟು ಸಂಕಟವಾಯಿತು.

ಮಂಚವನ್ನು ಕಿಟಕಿಯ ಪಕ್ಕಕ್ಕೆ ತಳ್ಳಿದರು. ಹೊರಗೆ ಎದುರು ಕಟ್ಟಡದ ನೀರಿನ ಟ್ಯಾಂಕು, ಅದರ ಮೇಲೆ ಪಾರಿವಾಳ. ಮಂಚ ತಳ್ಳುವಾಗ ಶ್ಶಕ್ಕ ಮೇಲೆ ನೋಡಿದಳು. ಚಾವಣಿಗೆ ಹಾಕಿದ್ದ ಬಿಳಿ ಹಲಗೆಗಳ ತುಂಬ ಇರುವೆ ಸಾಲಿನಂತೆ ಸಣ್ಣ ಸಣ್ಣ ಕಪ್ಪು ತೂತು. ಇಷ್ಟು ವರ್ಷ ಅದರ ಕೆಳಗೇ ಓಡಾಡಿದ್ದಳು, ಮಲಗಿದವರಿಗೆ ಅದು ಹೇಗೆ ಕಾಣುತ್ತದೆಂದು ಯೋಚಿಸಿರಲಿಲ್ಲ. ಅದೂ ಕನ್ನಡಕವಿಲ್ಲದ ಕಣ್ಣಿಗೆ!

ಅಮ್ಮನಿಗೆ ಫೋನು ಹೋಯಿತು. "ಕನ್ನಡಕ ತನ್ನಿ. ನೀವೂ ಬನ್ನಿ, ಅವರಪ್ಪನೂ ಬರಲಿ. ಹೊತ್ತು ಗೊತ್ತು ಏನೂ ಬೇಡ, ಈಗಲೇ ಬನ್ನಿ."

ಇದನ್ನು ಕೇಳಿ ವಾರ್ಡಿನಲ್ಲಿ ಗುಸುಗುಸು ಎದ್ದಿತು. "ಶ್ಶಕ್ಕನೇ ಹೀಗೆ ಬಾಗಿಲು ತೆಗೆದುಬಿಟ್ರೆ ನಾಳೆಯಿಂದ ಸಂತೆ ನೆರೆಯುತ್ತೆ" ಎಂದಳು ಒಬ್ಬಳು. "ನಮಗಿರೋದು ಎರಡೇ ಕೈ. ಮಗೂನ ನೋಡೋದಾ, ಅವರಪ್ಪ ಅಮ್ಮನ್ನ ನೋಡೋದಾ?" ಎಂದಳು ಇನ್ನೊಬ್ಬಳು. ಅವರ ಮಾತಿನಲ್ಲೂ ಹುರುಳಿತ್ತು. ಶ್ಶಕ್ಕ ವಾದಕ್ಕೆ ಹೋಗದೆ, "ಈ ಒಂದು ಮಗುಗೆ ಮಾಡಿ ನೋಡೋಣ. ಎಡವಟ್ಟಾದ್ರೆ ನನ್ನ ತಲೆಗೆ ಕಟ್ಟಿ" ಎಂದಳು.

ಕೀಲಿಕೈ ಅಪ್ಪ ಬಂದ. ಕೈಗೆ ಮೂರು ಸಲ ಸೋಪು ಹಾಕಿಸಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಮಗಳಿಗೆ ಕನ್ನಡಕ ಹಾಕಿ, ಏನು ಹೇಳಬೇಕೆಂದು ತೋಚದೆ ಶ್ಶಕ್ಕನ ಮುಖ ನೋಡಿದ.

"ಮನೇಲಿ ಏನು ಮಾತಾಡ್ತೀರೋ ಅದೇ ಮಾತಾಡಿ. ಇವತ್ತು ಯಾವ ವಾರ, ಎಲ್ಲಿದಾಳೆ, ಹೇಳ್ತಾ ಇರಿ."

ಅವನು ಗಂಟಲು ಸರಿಮಾಡಿಕೊಂಡ. "ಪುಟ್ಟೀ, ಇವತ್ತು ಗುರುವಾರ. ಇದು ಆಸ್ಪತ್ರೆ. ನಿಂಗೆ ಕೆಮ್ಮು ಜಾಸ್ತಿಯಾಗಿತ್ತಲ್ಲ, ಅದಕ್ಕೆ... ಈಗ ವಾಸಿ. ಆಮೇಲೆ, ಇವತ್ತೊಬ್ಬ ಬಂದಿದ್ದ. ಬೀಗದೊಳಗೆ ಕೀಲಿ ಮುರ್ಕೊಂಡು, ಬೀಗಾನೇ ಬಾಗಿಲ ಸಮೇತ ಹೊತ್ಕೊಂಡು ಬಂದಿದ್ದ ಕಣೇ."

ಪಕ್ಕದ ಮಂಚದ ಬಳಿ ಇದ್ದ ನರ್ಸು ಫಕ್ಕನೆ ನಕ್ಕಳು. ಯಾರೂ ಶ್ಶ್ ಅನ್ನಲಿಲ್ಲ. ಹುಡುಗಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅಪ್ಪ ಮಾತ್ರ ಅಮ್ಮ ಬಂದು ಬಿಡಿಸುವವರೆಗೂ ಬೀಗಗಳ ಕಥೆ ಹೇಳುತ್ತಲೇ ಇದ್ದ.

ಮರುದಿನ ಹುಡುಗಿ ಒಮ್ಮೆ ಅಮ್ಮನ ಬೆರಳು ಹಿಡಿದಳು. ಎಲ್ಲರೂ ಹಿಗ್ಗಿದರು. ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೈ ಝಾಡಿಸಿ, ಅಳತೊಡಗಿ, ಯಾರನ್ನೂ ಹತ್ತಿರ ಬಿಡಲಿಲ್ಲ. "ಹೇಳಲಿಲ್ವಾ?" ಎಂಬ ನೋಟಗಳು ಶ್ಶಕ್ಕನ ಬೆನ್ನಿಗೆ ತಾಗಿದವು. ಪಟ್ಟಿ ಕೈಗೆಟಕುವಷ್ಟು ಹತ್ತಿರದಲ್ಲೇ ಇತ್ತು. ಎಡಗೈ ಸಿಸ್ಟರ್ ಅಂದಳು, "ಇದು ಹೀಗೇ, ಬಂದು ಹೋಗಿ ಮಾಡುತ್ತೆ. ಇವತ್ತು ಕೈ ಬಿಟ್ರೆ ನಿನ್ನೆದೂ ನೀರಲ್ಲಿ ಹೋಮ." ಶ್ಶಕ್ಕ ಪಟ್ಟಿಯನ್ನು ತೆಗೆದು ಕಪಾಟಿನೊಳಗಿಟ್ಟು ಬಂದು, ಹುಡುಗಿಯ ಅಂಗೈಗೆ ತನ್ನ ಹೆಬ್ಬೆರಳು ಕೊಟ್ಟು ಕೂತಳು. ಹುಡುಗಿ ಅದನ್ನು ಹಿಂಡಿದ ಬಿರುಸಿಗೆ ಕಣ್ಣಲ್ಲಿ ನೀರು ಬಂತು. ಅಮ್ಮ ಇನ್ನೊಂದು ಪಕ್ಕ ಕೂತು, ಲಾಂಡ್ರಿಯಲ್ಲಿ ಯಾವ ಅಂಗಿಯ ಕಾಲರು ಎಷ್ಟು ಸತಾಯಿಸಿತು ಎಂದು ಹೇಳುತ್ತ ಹೋದಳು. ಅಳು ತಾನಾಗಿಯೇ ಇಳಿಯಿತು.

ಅದಾದ ಒಂದೆರಡು ದಿನಕ್ಕೆ, ಬೆಳಗಿನ ಬಿಸಿಲು ಮಂಚದ ಅರ್ಧಕ್ಕೆ ಬಂದಿದ್ದಾಗ, ಶ್ಶಕ್ಕ ಹುಡುಗಿಯ ತಲೆ ಬಾಚುತ್ತಿದ್ದಳು. ಹುಡುಗಿ ಕನ್ನಡಕದೊಳಗಿಂದ ಅವಳನ್ನೇ ದಿಟ್ಟಿಸುತ್ತಿದ್ದಳು. ಈ ಸಲ ಕಣ್ಣು ಗೋಡೆಗೆ ಹೋಗಲಿಲ್ಲ. ಒಡೆದ, ಗೊಗ್ಗರು ದನಿಯಲ್ಲಿ ಕೇಳಿದಳು:

"ನಿಮಗೆ ಬಾಯಿಲ್ವಾ?"

ಶ್ಶಕ್ಕ ಬಾಚಣಿಗೆ ಕೆಳಗಿಟ್ಟು ಬಗ್ಗಿದಳು. "ಏನು ಪುಟ್ಟಾ?"

"ಬಾಯಿಲ್ಲದೋರು ಬಂದ್ರು. ನನ್ನ ಕೈ ಕಟ್ಟಿದ್ರು. ನಾನು ಅಮ್ಮಾ ಅಂದೆ. ಅವರು ಶ್ಶ್ ಅಂದ್ರು."

ಶ್ಶಕ್ಕ ತನ್ನ ಮೂಗು ಬಾಯಿ ಮುಚ್ಚಿದ್ದ ಮಾಸ್ಕನ್ನು ಮುಟ್ಟಿ ನೋಡಿಕೊಂಡಳು. ತಾನು ನಳಿಕೆ ಉಳಿಸಲು, ಮಗುವನ್ನು ಉಳಿಸಲು ಕಟ್ಟಿದ್ದು ನಿಜ. ಆ ಮಗುವಿಗೆ ಕಂಡದ್ದೂ ನಿಜ. ಅವಳು ಎದ್ದಳು. ವಾರ್ಡಿಗೂ ಹೊರಗಿನ ಮೊಗಸಾಲೆಗೂ ನಡುವೆ ಒಂದು ದೊಡ್ಡ ಗಾಜು. ಬಾಗಿಲು ದಾಟಿ ಹೊರಗೆ ಹೋಗಿ, ಆ ಗಾಜಿನಾಚೆ ಹುಡುಗಿಗೆ ಕಾಣುವಂತೆ ನಿಂತು ಮಾಸ್ಕು ಕೆಳಗಿಳಿಸಿದಳು. ಮೂಗು ತೋರಿಸಿದಳು, ಬಾಯಿ ತೋರಿಸಿದಳು, ಸಾಲದ್ದಕ್ಕೆ ನಾಲಿಗೆಯನ್ನೂ ಹೊರಗೆ ಚಾಚಿದಳು. ಮೊಗಸಾಲೆಯಲ್ಲಿ ಕಾಯುತ್ತ ಕೂತಿದ್ದವರು ತಬ್ಬಿಬ್ಬಾಗಿ ನೋಡಿದರು.

ಒಳಗೆ ಹುಡುಗಿ ನಕ್ಕಳು. ನಗು ಕೆಮ್ಮಾಗಿ ತಿರುಗಿತು, ಕೆಮ್ಮಿ ಮತ್ತೆ ನಕ್ಕಳು.

ಶ್ಶಕ್ಕ ಒಳಗೆ ಬಂದು ಕೈ ತೊಳೆದು ಪಕ್ಕದಲ್ಲಿ ಕೂತಳು. "ಕೈ ಕಟ್ಟಿದ್ದು ನಾನೇ ಪುಟ್ಟಾ. ನೀನು ನಳಿಕೆ ಕಿತ್ಕೊಂಡ್ಬಿಡ್ತೀಯ ಅಂತ ಭಯ ಆಯ್ತು. ಆದ್ರೆ ನಿಂಗೆ ಹೇಳಿ, ಕೈ ಹಿಡ್ಕೊಂಡು ಕೂತಿರಬೇಕಿತ್ತು. ತಪ್ಪಾಯ್ತು."

ಹುಡುಗಿ ಕನ್ನಡಕ ಮೇಲೇರಿಸಿಕೊಂಡಳು. "ಅಪ್ಪ ಬಾಗಿಲು ಹೊತ್ಕೊಂಡು ಬಂದಿದ್ನಾ?"

"ಅಪ್ಪ ಅಲ್ಲ, ಅಪ್ಪನ ಅಂಗಡಿಗೆ ಬಂದೋನು."

"ಬಸ್ಸಲ್ಲಿ ಬಾಗಿಲು ಹೇಗೆ ಹಿಡಿಸ್ತು?"

ಅಲ್ಲಿಂದ ಬಾಯಿ ಬಿಟ್ಟವಳು ಮನೆಗೆ ಹೋಗುವವರೆಗೂ ಮುಚ್ಚಲಿಲ್ಲ. ಯಂತ್ರ ಯಾಕೆ ಬೀಪ್ ಅನ್ನುತ್ತೆ, ಡಾಕ್ಟರಮ್ಮನ ಪೆನ್ನು ಯಾಕೆ ಅಷ್ಟು ದಪ್ಪ, ಪಾರಿವಾಳಕ್ಕೆ ಕೆಮ್ಮು ಬರುತ್ತಾ? ಸಂತೆ ಎಂದು ಗೊಣಗಿದ್ದ ನರ್ಸೇ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿ, "ಶ್ಶಕ್ಕಾ, ಇವಳನ್ನ ನೀನೇ ಎಬ್ಬಿಸಿದ್ದು, ನೀನೇ ಅನುಭವಿಸು" ಎಂದಳು. ಅವಳ ದನಿಯಲ್ಲಿ ನಗುವಿತ್ತು.

ವಟವಟಿ ಮನೆಗೆ ಹೋದಮೇಲೂ ಸ್ವಲ್ಪ ಕಾಲ ಕತ್ತಲೆಗೆ ಹೆದರುತ್ತಿದ್ದಳಂತೆ. ಮತ್ತೆ ತೋರಿಸಲು ಬಂದಾಗ ಡಾಕ್ಟರಮ್ಮ ಅದನ್ನೂ ಕೇಳಿ ತಿಳಿದು, ಅಮ್ಮನಿಗೆ ಧೈರ್ಯ ಹೇಳಿದರು. ಶಾಲೆ ಶುರುವಾಗುವ ಹೊತ್ತಿಗೆ ಅದೂ ಬಿಟ್ಟುಹೋಯಿತು.

ವಾರ್ಡು ಒಂದೇ ದಿನಕ್ಕೆ ಬದಲಾಗಲಿಲ್ಲ. ಪ್ರತಿ ಪಾಳಿಯಲ್ಲೂ ಮಗು ಕಣ್ಣು ಕೊಟ್ಟು ನೋಡುತ್ತದೆಯೇ, ತನ್ನವರನ್ನು ಗುರುತು ಹಿಡಿಯುತ್ತದೆಯೇ ಎಂದು ನೋಡಬೇಕು ಎಂದಾಗ, "ಇರೋ ಕೆಲಸಕ್ಕೇ ಉಸಿರಾಡೋಕೆ ಪುರುಸೊತ್ತಿಲ್ಲ" ಎಂದವರಿದ್ದರು. ಶ್ಶಕ್ಕ ಅವರೊಂದಿಗೆ ಜಗಳಕ್ಕೆ ನಿಲ್ಲಲಿಲ್ಲ, ಯಾಕೆಂದರೆ ಹಿಂದೆ ಅವಳೂ ಅಂಥದೇ ಮಾತು ಆಡಿದ್ದಳು. ತಾನು ಮಾಡುವುದನ್ನು ಮಾಡುತ್ತ ಹೋದಳು, ಕೇಳಿದವರಿಗೆ ಹೇಳಿದಳು. ಎಡಗೈ ಸಿಸ್ಟರ್ ಹಟ ಹಿಡಿದು ಚಾವಣಿಯ ತೂತಿನ ಹಲಗೆಗಳಿಗೆ ಬಣ್ಣ ಹಾಕಿಸಿದಳು. ಬರಬರುತ್ತ ಎಲ್ಲ ನರ್ಸುಗಳೂ ಪಾಳಿಗೆ ಬಂದಾಗ ಗಾಜಿನಾಚೆ ನಿಂತು ಮುಖ ತೋರಿಸಿಯೇ ಒಳಗೆ ಬರುವುದು ರೂಢಿಯಾಯಿತು. ಗಂಭೀರ ಮುಖದ ಡಾಕ್ಟರಮ್ಮ ಕೂಡ ಒಮ್ಮೆ ಕಿವಿ ಅಲ್ಲಾಡಿಸಿ ತೋರಿಸಿದರು. ಅವರಿಗೆ ಅದು ಬರುತ್ತದೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಶ್ಶಕ್ಕನ ಶ್ಶ್ ಮಾತ್ರ ಹಗಲಿನಿಂದ ರಾತ್ರಿಗೆ ವರ್ಗವಾಯಿತು. ರಾತ್ರಿ ದೀಪ ತಗ್ಗಬೇಕು, ಯಂತ್ರಗಳ ಸದ್ದು ತಗ್ಗಬೇಕು, ಮಗು ಮದ್ದಿನ ಮಂಪರಲ್ಲದ ನಿಜವಾದ ನಿದ್ದೆ ಮಾಡಬೇಕು. ಅದಕ್ಕೆ ಅವಳಷ್ಟು ಕಟ್ಟುನಿಟ್ಟು ಇನ್ನಾರೂ ಇಲ್ಲ. ಹಗಲಿನಲ್ಲಿ ಅವಳೇ ಮಾತು ಶುರುಮಾಡುತ್ತಾಳೆ. ಆ ಅಭ್ಯಾಸ ಮನೆಗೂ ಬಂದು, ಬಸ್ಸಿನ ಗಂಡ ಈಗ ನೆಂಟರೆದುರು ಬೇರೆ ಕಥೆ ಹೇಳುತ್ತಾನೆ.

ಈಚೆಗೆ ಹೃದಯದ ಶಸ್ತ್ರಚಿಕಿತ್ಸೆಯಾದ ಒಂದು ಪುಟ್ಟ ಕೂಸು ಬಂದಿತ್ತು. ಮಾತು ಇನ್ನೂ ಸರಿಯಾಗಿ ಬಾರದ ವಯಸ್ಸು. ಒಳಗೆ ಏನಾಗುತ್ತಿದೆ ಎಂದು ಹೇಳಲು ಅದಕ್ಕೆ ಪದಗಳೇ ಇಲ್ಲ. ಅದು ಗೋಡೆ ನೋಡುತ್ತ ಮಲಗಿದ್ದನ್ನು ಮೊದಲು ಗಮನಿಸಿದ್ದು ಶ್ಶಕ್ಕನೂ ಅಲ್ಲ, ಎಡಗೈ ಸಿಸ್ಟರೂ ಅಲ್ಲ. ಹಿಂದೆ ಮಕ್ಕಳದು ಹಟ ಎಂದಿದ್ದ ನರ್ಸು. "ಈ ಮಗು ಯಾಕೋ ತೀರಾ ಜಾಣ ಆಗಿದೆ, ನಂಗೆ ಅನುಮಾನ" ಎಂದು ಅವಳೇ ಬಂದು ಹೇಳಿದಳು. ಅಜ್ಜಿಯನ್ನು ಕರೆಸಿದರು. ಮಂಚ ಕಿಟಕಿಗೆ ಬಂತು. ಅಜ್ಜಿ ಕೂಸಿನ ಪಾದ ತಿಕ್ಕುತ್ತ ತನ್ನಷ್ಟಕ್ಕೆ ಮಾತಾಡುತ್ತ ಕೂತಳು. ಈ ಸಲವೂ ಅದು ಬೇಗನೆ ಆಗಲಿಲ್ಲ. ಬೆಳಿಗ್ಗೆ ತಿಳಿಯಾದ ಕಣ್ಣು ಸಂಜೆಗೆ ಮತ್ತೆ ಮಂಕಾಗುತ್ತಿತ್ತು.

ಒಂದು ಬೆಳಿಗ್ಗೆ ಕೂಸು ತನ್ನ ಬರಿಗಾಲನ್ನು ತಾನೇ ಮೇಲೆತ್ತಿ ನೋಡಿಕೊಂಡಿತು. ಹುಬ್ಬು ಗಂಟಿಕ್ಕಿ, ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿ, ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿತು:

"ಬೂತು!"

"ಬೂಟು ಕೇಳ್ತಿದಾನೆ! ನನ್ನ ರಾಜ ಬೂಟು ಕೇಳ್ತಿದಾನೆ!" ಎಂದು ಅಜ್ಜಿ ಎದ್ದೇ ನಿಂತಳು.

ಒಂದು ಬೂಟು ಅಜ್ಜಿಯ ಚೀಲದಲ್ಲಿ ಸಿಕ್ಕಿತು. ಇನ್ನೊಂದಕ್ಕಾಗಿ ಶ್ಶಕ್ಕ ಮಂಚದ ಕೆಳಗೆ ಬಗ್ಗಿದಳು, ಎಡಗೈ ಸಿಸ್ಟರ್ ಕಪಾಟು ತೆರೆದಳು, ಡಾಕ್ಟರಮ್ಮ ಹೊದಿಕೆ ಕೊಡವಿದರು. ಕೂಸು ಒಂದೇ ಬೂಟು ಹಾಕಿಸಿಕೊಂಡು, ದೊಡ್ಡವರೆಲ್ಲ ಪರದಾಡುವುದನ್ನು ಕಣ್ಣರಳಿಸಿ ನೋಡುತ್ತ, ಬೇಗ ಆಗಲಿ ಎಂಬಂತೆ ಮಂಚಕ್ಕೆ ಕಾಲು ಬಡಿಯಿತು.